ಮನಸ್ಸಿನ ಆಪತ್ಕಾಲದಲ್ಲಿ ನೆರವು

ವಿದ್ಯುತ್ ತಂತಿಯನ್ನು ಮುಟ್ಟಿದವನನ್ನು ಬರಿಗೈಯಿಂದ ಎಳೆಯಬಾರದು, ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು ಎಂಬುದನ್ನು ನಾವೆಲ್ಲರೂ ಬಲ್ಲೆವು. ಹಾವು ಕಚ್ಚಿದವನನ್ನು ಓಡಾಡಗೊಡದೆ ಆಸ್ಪತ್ರೆಗೆ ಸಾಗಿಸಬೇಕು, ಸುಟ್ಟ ಗಾಯದ ಮೇಲೆ ತಣ್ಣೀರನ್ನು ಹರಿಯಬಿಡಬೇಕು ಎಂಬುದನ್ನೂ ಶಾಲೆಯಲ್ಲಿಯೇ ಕಲಿತಿರುತ್ತೇವೆ. ಆದರೆ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಜೊತೆಗಿರುವ ಗೆಳೆಯನು ಒಂದು ರಾತ್ರಿ, "ಇನ್ನು ಬದುಕಿರುವುದರಲ್ಲಿ ಅರ್ಥವಿಲ್ಲ ಕಣೋ. ಯಾರಿಗೂ ಹೇಳಬೇಡ" ಎಂದರೆ ಏನು ಮಾಡಬೇಕು? ಯಾರನ್ನು ಕರೆಯಬೇಕು? ಗುಟ್ಟನ್ನು ಕಾಪಾಡಬೇಕೆ, ಹೊರಗೆಡವಬೇಕೆ? ಈ ಪ್ರಶ್ನೆಗೆ ನಮ್ಮಲ್ಲಿ ಬಹುಮಂದಿಯ ಬಳಿ ಸಿದ್ಧವಾದ ಉತ್ತರವಿಲ್ಲ.

ಇದು ಅಪರೂಪದ ಪ್ರಶ್ನೆಯೆಂದು ತಿಳಿಯಬಾರದು. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಈ ಅಂಕೆಗಳ ಮುಂದೆ ಎದೆಗುಂದಬೇಕಾಗಿಲ್ಲ. ಏಕೆಂದರೆ ಇಂತಹ ಆಪತ್ತುಗಳಲ್ಲಿ ಹಲವನ್ನು ದಾಟಿಸಲು ಸಾಧ್ಯವೆಂಬುದನ್ನು ವಿಜ್ಞಾನವು ತೋರಿಸಿಕೊಟ್ಟಿದೆ. ದಾಟಿಸುವ ಕ್ರಮವಾವುದೆಂಬುದನ್ನು ಈಗ ವಿಚಾರಿಸೋಣ.

ಆಪತ್ತಿನ ಲಕ್ಷಣಗಳು

ಶರೀರದ ತಾಪವನ್ನು ಅಳೆಯಲು ಉಷ್ಣಮಾಪಕವುಂಟು. ಮನಸ್ಸಿನ ತಾಪಕ್ಕೆ ಅಂತಹ ಉಪಕರಣವಿಲ್ಲ. ಆದರೂ ಲಕ್ಷಣಗಳಿಂದ ಅದನ್ನು ಗುರುತಿಸಬಹುದು. ಸಾಯುವ ಮಾತನ್ನಾಡುವುದು, ತಾನು ಇತರರಿಗೆ ಭಾರವೆಂದು ಹೇಳಿಕೊಳ್ಳುವುದು, ಪ್ರಿಯವಾದ ವಸ್ತುಗಳನ್ನು ಕಾರಣವಿಲ್ಲದೆ ಹಂಚಿಬಿಡುವುದು, ಎಲ್ಲರಿಂದಲೂ ಬೀಳ್ಕೊಳ್ಳುವಂತೆ ವರ್ತಿಸುವುದು, ಹಲವು ದಿನಗಳ ನಿದ್ರೆಗೆಟ್ಟ ತಳಮಳ — ಇವು ಎಚ್ಚರಿಕೆಯ ಚಿಹ್ನೆಗಳು. ಬೇರೆ ಯಾರಿಗೂ ಕೇಳಿಸದ ಧ್ವನಿಗಳು ಕೇಳಿಸುತ್ತಿವೆಯೆನ್ನುವುದು, ಎಲ್ಲರೂ ಸೇರಿ ತನ್ನನ್ನು ಕೊಲ್ಲಲು ಹವಣಿಸುತ್ತಿದ್ದಾರೆಂದು ದೃಢವಾಗಿ ನಂಬುವುದು ಇವೂ ವೈದ್ಯರ ನೆರವು ತಡವಿಲ್ಲದೆ ಬೇಕಾದ ಸ್ಥಿತಿಗಳೇ. ಇವನ್ನು ಗಾಳಿ ಸೋಕಿತೆಂದೋ ದೆವ್ವ ಹಿಡಿಯಿತೆಂದೋ ಬಗೆದು ದಿನಗಳೆಯುವುದರಿಂದ ಅಮೂಲ್ಯವಾದ ಕಾಲವು ವ್ಯರ್ಥವಾಗುತ್ತದೆ.

ಇನ್ನೊಂದು ಬಗೆಯ ಆಪತ್ತು ಹಠಾತ್ತನೆ ಬರುವ ಭಯದ ಆವೇಗ. ಪರೀಕ್ಷೆಯ ಹಿಂದಿನ ರಾತ್ರಿ ಎದೆ ಡವಗುಟ್ಟುತ್ತದೆ, ಉಸಿರು ಕಟ್ಟುತ್ತದೆ, ಈಗಲೇ ಪ್ರಾಣ ಹೋಗುವುದೆನಿಸುತ್ತದೆ. ಈ ಆವೇಗವು ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ತುದಿಯನ್ನು ಮುಟ್ಟಿ ಅನಂತರ ಇಳಿಯತೊಡಗುತ್ತದೆ. ಉಸಿರನ್ನು ಒಳಗೆಳೆಯುವುದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತವು ತಗ್ಗುತ್ತದೆ. ಆದರೆ ಎದೆನೋವು ಮೊದಲ ಸಲ ಬಂದಾಗ, ಅಥವಾ ಕಾರಣದಲ್ಲಿ ಸಂದೇಹವಿದ್ದಾಗ, ಅದು ಬರಿಯ ಭಯವೆಂದು ನಾವೇ ತೀರ್ಮಾನಿಸದೆ ವೈದ್ಯರಿಗೆ ತೋರಿಸುವುದೇ ಲೇಸು.

ಏರಿದ ಅಲೆ ಇಳಿಯಲೇಬೇಕು

ಇಂತಹ ಗಳಿಗೆಯಲ್ಲಿ ಶರೀರದೊಳಗೆ ನಡೆಯುವುದೇನು? ಮೆದುಳಿನ ಆಳದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವುಂಟು. ಅಪಾಯದ ಸುಳಿವು ಸಿಕ್ಕೊಡನೆ ಅದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲೀನನ್ನು ರಕ್ತಕ್ಕೆ ಸುರಿಸುತ್ತವೆ. ಹಿಂದುಮುಂದನ್ನು ಯೋಚಿಸಿ ನಿರ್ಣಯ ಕೈಗೊಳ್ಳುವುದು ಹಣೆಯ ಹಿಂದಿರುವ ಮೆದುಳಿನ ಮುಂಭಾಗದ ಕೆಲಸ. ತೀವ್ರವಾದ ಸಂಕಟದಲ್ಲಿ ಈ ಭಾಗದ ಹತೋಟಿಯು ಸಡಿಲುತ್ತದೆ. ಇಪ್ಪತ್ತೈದರ ಸುಮಾರಿನವರೆಗೂ ಈ ಭಾಗವು ಬೆಳೆಯುತ್ತಲೇ ಇರುತ್ತದೆಂಬುದನ್ನು ನಮ್ಮ ತರುಣ ವಾಚಕರು ನೆನಪಿಡತಕ್ಕದ್ದು.

1958ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಆತ್ಮಹತ್ಯೆಯನ್ನು ತಡೆಯುವ ಕೇಂದ್ರವೊಂದನ್ನು ಜೊತೆಗಾರರೊಡನೆ ಸ್ಥಾಪಿಸಿದ ಮನೋವಿಜ್ಞಾನಿ ಎಡ್ವಿನ್ ಶ್ನೈಡ್‌ಮನ್ ಈ ಸ್ಥಿತಿಯಲ್ಲಿ ದೃಷ್ಟಿಯೇ ಕಿರಿದಾಗುವುದೆಂದು ವಿವರಿಸಿದರು. ಸುರಂಗದೊಳಗಿರುವವನಿಗೆ ಎದುರಿನ ಒಂದೇ ಕಂಡಿ ಕಾಣುವಂತೆ, ಸಂಕಟದಲ್ಲಿರುವವನಿಗೆ ಒಂದೇ ದಾರಿ ಕಾಣುತ್ತದೆ. ದಾರಿಗಳು ಇಲ್ಲವೆಂದಲ್ಲ, ಆ ಹೊತ್ತಿಗೆ ಅವು ಕಾಣುತ್ತಿಲ್ಲ, ಅಷ್ಟೆ.

ಈ ಹೊತ್ತು ಕಳೆಯುತ್ತದೆಯೇ? ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1937ರಿಂದ 1971ರವರೆಗೆ ಕೊನೆಯ ಗಳಿಗೆಯಲ್ಲಿ ತಡೆಯಲ್ಪಟ್ಟ 515 ಮಂದಿಯ ಮುಂದಿನ ಜೀವನವನ್ನು ರಿಚರ್ಡ್ ಸೈಡನ್ ಎಂಬ ಸಂಶೋಧಕರು ಪತ್ತೆಹಚ್ಚಿ 1978ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಆಗಲೂ ಬದುಕಿದ್ದರು, ಇಲ್ಲವೆ ಸಹಜವಾದ ಕಾರಣಗಳಿಂದ ತೀರಿಕೊಂಡಿದ್ದರು. ಒಮ್ಮೆ ಸಾಯಲು ಹೊರಟವನು ಇಂದಲ್ಲ ನಾಳೆ ಸತ್ತೇ ತೀರುವನೆಂಬ ಲೋಕರೂಢಿಯ ಮಾತು ಸುಳ್ಳೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ?

ಜೋರಾಗಿ ತೂಗಿಬಿಟ್ಟ ಉಯ್ಯಾಲೆಯನ್ನು ಮತ್ತೆ ಮತ್ತೆ ನೂಕದಿದ್ದರೆ ಅದರ ತೂಗಾಟವು ತಾನಾಗಿಯೇ ಕುಗ್ಗುವುದಷ್ಟೆ. ಮನಸ್ಸಿನ ತೀವ್ರ ಸಂಕಟದ ಅಲೆಯೂ ಹಾಗೆಯೇ ಏರಿ ಇಳಿಯುತ್ತದೆ. ಹಿಂದಿರುವ ದುಃಖವೋ ಕಾಯಿಲೆಯೋ ಒಂದೇ ರಾತ್ರಿಯಲ್ಲಿ ಮಾಯವಾಗುವುದೆಂದು ಇದರ ಅರ್ಥವಲ್ಲ. ಅದಕ್ಕೆ ಚಿಕಿತ್ಸೆ ಬೇಕು. ಆದರೆ ಪ್ರಾಣಕ್ಕೆ ಎರವಾಗುವ ಆ ತುದಿಯ ಗಳಿಗೆಯನ್ನು ದಾಟಿಸಿದರೆ ಚಿಕಿತ್ಸೆಗೆ ಕಾಲ ದೊರೆಯುತ್ತದೆ. ಆದುದರಿಂದ ಆಪತ್ಕಾಲದ ನೆರವಿನ ಮೊದಲ ಸೂತ್ರ ಇದು: ಅಲೆ ಇಳಿಯುವವರೆಗೆ ಅವನನ್ನು ಒಂಟಿಯಾಗಿ ಬಿಡಬಾರದು, ಅಪಾಯಕರವಾದ ವಸ್ತುಗಳನ್ನು ಅವನ ಕೈಗೆಟುಕದಂತೆ ಇಡಬೇಕು.

ಕೇಳಿದರೆ ಕೆಡುಕಾಗುವುದೆ?

"ಸಾಯುವ ಯೋಚನೆ ಬಂದಿದೆಯೇನೋ?" ಎಂದು ಬಾಯಿಬಿಟ್ಟು ಕೇಳಲು ನಾವು ಅಂಜುತ್ತೇವೆ. ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾದೀತೆಂಬ ಶಂಕೆ. ಈ ಶಂಕೆಯನ್ನು ಪ್ರಯೋಗದಿಂದಲೇ ಪರೀಕ್ಷಿಸಿದ್ದಾರೆ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಇಂತಹ ಪ್ರಶ್ನೆಗಳನ್ನು ಕೇಳಿ, ಇನ್ನೊಂದು ಗುಂಪಿಗೆ ಕೇಳದೆ, ಎರಡನ್ನೂ ಹೋಲಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶವೇನು? ಪ್ರಶ್ನೆಯಿಂದ ಯಾರ ಸಂಕಟವೂ ಹೆಚ್ಚಲಿಲ್ಲ. ಮೊದಲೇ ಖಿನ್ನತೆಯಿಂದ ನರಳುತ್ತಿದ್ದವರು, ಕೇಳದೆ ಬಿಟ್ಟವರಿಗಿಂತ ತುಸು ಹಗುರವಾಗಿಯೇ ಇದ್ದರು.

ಹೀಗಿರುವಾಗ ನೇರವಾಗಿ, ಮೃದುವಾಗಿ ಕೇಳುವುದೇ ಸರಿ. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಮನಸ್ಸಿನ ಪ್ರಥಮ ಚಿಕಿತ್ಸೆಗಾಗಿ ಹೊರತಂದ ಕೈಪಿಡಿಯು ಮೂರು ಮೆಟ್ಟಿಲುಗಳನ್ನು ಹೇಳುತ್ತದೆ: ನೋಡುವುದು, ಆಲಿಸುವುದು, ಕೂಡಿಸುವುದು. ಅಪಾಯವೆಷ್ಟಿದೆಯೆಂದು ನೋಡಬೇಕು. ಅಡ್ಡಮಾತಿಲ್ಲದೆ ಆಲಿಸಬೇಕು. ಅನಂತರ ನೆರವು ನೀಡಬಲ್ಲವರೊಡನೆ ಕೂಡಿಸಬೇಕು. "ಇಷ್ಟಕ್ಕೇ ಅಳುತ್ತೀಯಾ?", "ನಿನಗಿಂತ ಕಷ್ಟದಲ್ಲಿರುವವರನ್ನು ನೋಡು", "ಅಪ್ಪ ಅಮ್ಮನ ಮುಖ ನೆನೆದುಕೊ" ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ; ಆದರೆ ಕೇಳುವವನಿಗೆ ಅವು ಮತ್ತೊಂದು ಹೊರೆಯಾಗುತ್ತವೆ. "ನಿನ್ನ ಕಷ್ಟ ದೊಡ್ಡದೆಂದು ಕಾಣುತ್ತದೆ. ಹೇಳು, ನಾನು ಇಲ್ಲೇ ಇರುತ್ತೇನೆ" ಎಂದರೆ ಸಾಕು.

ಆಲಿಸುವುದರ ಬಲವೇನೆಂಬುದಕ್ಕೆ ಲಂಡನ್ನಿನ ಒಂದು ನಿದರ್ಶನವುಂಟು. ಅಲ್ಲಿನ ಸೇಂಟ್ ಸ್ಟೀಫನ್ ವಾಲ್‌ಬ್ರುಕ್ ಚರ್ಚಿನ ಪಾದ್ರಿ ಚಾಡ್ ವರಾ 1953ರ ನವೆಂಬರಿನಲ್ಲಿ, ಸಾಯುವ ಯೋಚನೆಯಲ್ಲಿರುವವರು ಕರೆಯಲೆಂದು ದೂರವಾಣಿಯೊಂದನ್ನು ಏರ್ಪಡಿಸಿದರು. ಬರುವವರನ್ನು ಕೂರಿಸಿ ಚಹಾ ಕೊಡಲು ಕೆಲವು ಸ್ವಯಂಸೇವಕರು ಇದ್ದರು. ಕೆಲವೇ ವಾರಗಳಲ್ಲಿ ವರಾ ಒಂದು ಸಂಗತಿಯನ್ನು ಕಂಡರು. ಚಹಾ ಕೊಟ್ಟವರೊಡನೆ ಮಾತನಾಡಿಯೇ ಅನೇಕರು ಹಗುರವಾಗಿ, ಪಾದ್ರಿಗಳನ್ನು ಕಾಣದೆಯೇ ಹಿಂದಿರುಗುತ್ತಿದ್ದರು. 1954ರಲ್ಲಿ ಆ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿದರು. ಇಂದಿಗೂ ನಡೆಯುತ್ತಿರುವ ಸಮಾರಿಟನ್ಸ್ ಸಂಸ್ಥೆ ಹುಟ್ಟಿದ್ದು ಹೀಗೆ.

ಯಾವ ಸಂಖ್ಯೆಗೆ ಕರೆ?

ಮೂರನೆಯ ಮೆಟ್ಟಿಲಾದ ಕೂಡಿಸುವುದಕ್ಕೆ ನಮ್ಮ ದೇಶದಲ್ಲಿಯೂ ಈಗ ಒಳ್ಳೆಯ ಏರ್ಪಾಟುಂಟು. 2022ರ ಅಕ್ಟೋಬರ್ 10ರಂದು, ಎಂದರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ ಮಾನಸ್ ಎಂಬ ರಾಷ್ಟ್ರೀಯ ಸಹಾಯವಾಣಿಯು ಆರಂಭವಾಯಿತು. ಅದರ ಕೇಂದ್ರಸ್ಥಾನ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ತಾಂತ್ರಿಕ ನೆರವು ನೀಡುತ್ತಿರುವುದೂ ಬೆಂಗಳೂರಿನದೇ ಆದ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ. ಸಂಖ್ಯೆ 14416, ಇಲ್ಲವೆ 1800-891-4416. ಹಗಲಿರುಳೂ ತೆರೆದಿರುತ್ತದೆ, ಶುಲ್ಕವಿಲ್ಲ. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತನಾಡಬಹುದು. 2025ರ ಮಧ್ಯಭಾಗದೊಳಗಾಗಿ 20 ಲಕ್ಷಕ್ಕಿಂತ ಹೆಚ್ಚು ಕರೆಗಳು ಇದಕ್ಕೆ ಬಂದಿದ್ದವು.

ಕರೆ ಮಾಡಿದೊಡನೆ ಭಾಷೆಯನ್ನು ಆರಿಸಿಕೊಳ್ಳುವಂತೆ ಧ್ವನಿಯೊಂದು ಹೇಳುತ್ತದೆ. ಬಳಿಕ ತರಬೇತಿ ಪಡೆದ ಆಪ್ತಸಲಹೆಗಾರರು ಮಾತನಾಡುತ್ತಾರೆ. ಅವರಿಂದ ಪರಿಹಾರವಾಗದ ಸಮಸ್ಯೆಯಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಅಗತ್ಯವಿದ್ದರೆ ಹತ್ತಿರದ ಆಸ್ಪತ್ರೆಗೆ ಕಳುಹಿಸಿಕೊಡುತ್ತಾರೆ. ಸಂಕಟದಲ್ಲಿರುವವನೇ ಕರೆಯಬೇಕೆಂದಿಲ್ಲ, ಗೆಳೆಯನ ಪರವಾಗಿ ನಾವೂ ಕರೆದು ಸಲಹೆ ಕೇಳಬಹುದು. ಒಮ್ಮೆ ಕರೆ ಸಿಗದಿದ್ದರೆ ಮತ್ತೆ ಪ್ರಯತ್ನಿಸಬೇಕೇ ಹೊರತು ನಿರಾಶರಾಗಬಾರದು.

ಆದರೆ ಒಂದು ವಿವೇಚನೆ ಅವಶ್ಯ. ಪ್ರಾಣಾಪಾಯವು ಎದುರಿಗೇ ಇದ್ದರೆ, ಎಂದರೆ ಯಾರಾದರೂ ತಮಗೆ ಘಾಸಿ ಮಾಡಿಕೊಂಡಿದ್ದರೆ ಅಥವಾ ಮಾಡಿಕೊಳ್ಳುವುದರಲ್ಲಿದ್ದರೆ, ಸಲಹೆಯ ಮಾತು ಸಾಲದು. ಆಗ ದೇಶಕ್ಕೆಲ್ಲ ಒಂದೇ ಆಗಿರುವ ತುರ್ತು ಸಂಖ್ಯೆ 112ಕ್ಕೆ, ಇಲ್ಲವೆ ಆಂಬ್ಯುಲೆನ್ಸಿಗಾಗಿ 108ಕ್ಕೆ ಕರೆದು, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಸಾಗಿಸಬೇಕು. ಅದು ಮಾನಸಿಕ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಮೊದಲು ಪ್ರಾಣ ಉಳಿಯಬೇಕು. ಹದಿನೆಂಟು ತುಂಬದವರು ಹಿಂಸೆಗೋ ಕಿರುಕುಳಕ್ಕೋ ಸಿಲುಕಿದ್ದರೆ ಮಕ್ಕಳ ಸಹಾಯವಾಣಿ 1098 ಉಂಟು. ಹೊರದೇಶದಲ್ಲಿ ಓದುತ್ತಿರುವ ಅಣ್ಣನೋ ಅಕ್ಕನೋ ಇದ್ದರೆ ಅಲ್ಲಿನ ಸಂಖ್ಯೆಯನ್ನು ತಿಳಿದಿರಬೇಕು. ಅಮೆರಿಕದಲ್ಲಿ 2022ರ ಜುಲೈಯಿಂದ ಅದು 988.

ಆಸ್ಪತ್ರೆ ಮತ್ತು ಕಾನೂನು

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದೆ ಉಳಿಯುವವರುಂಟು. ಈ ಭಯವು ಹಳೆಯ ಕಾಲದ್ದು. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಮಿನಂತೆ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದು. ಹಾಗಲ್ಲವೆಂದು ಸಾಬೀತಾಗದ ಹೊರತು ಅವರನ್ನು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ, ಪೊಲೀಸರ ಕಾಗದಪತ್ರಗಳೆಲ್ಲ ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪಿತ್ತಿದೆ.

ಇಂತಹ ಚಿಕಿತ್ಸೆಗೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಲೇಬೇಕೆಂಬ ಕಾಲವೂ ಕಳೆದಿದೆ. 1980ರ ದಶಕದಲ್ಲಿ ನಿಮ್ಹಾನ್ಸಿನ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಸಾಮಾನ್ಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳ ಹತ್ತಿರಕ್ಕೆ ಒಯ್ದರು. ಈ ಬಳ್ಳಾರಿ ಮಾದರಿಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಆದಕಾರಣ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯ ಆರಂಭ.

ಗುಟ್ಟಿನ ಮಾತು

ಇನ್ನು ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಗೆಳೆಯನು ಯಾರಿಗೂ ಹೇಳಬೇಡವೆಂದನು. ಈಗ ಮಾತಿಗೆ ತಪ್ಪುವುದು ದ್ರೋಹವಲ್ಲವೆ? ಅಲ್ಲವೆಂದೇ ನಮ್ಮ ಉತ್ತರ. ಗುಟ್ಟನ್ನು ಕಾಯುವುದು ಗೆಳೆಯನಿಗಾಗಿ; ಗೆಳೆಯನೇ ಇಲ್ಲವಾದರೆ ಗುಟ್ಟಿನಿಂದ ಏನು ಫಲ? "ಈ ಒಂದು ವಿಷಯವನ್ನು ನಾನೊಬ್ಬನೇ ಹೊರಲಾರೆ. ನಂಬಿಕೆಯಿರುವ ಒಬ್ಬರಿಗಾದರೂ ಹೇಳೋಣ, ನಾನೂ ಜೊತೆಗೆ ಬರುತ್ತೇನೆ" ಎಂದು ಅವನಿಗೆ ತಿಳಿಸಿಯೇ ಮನೆಯವರಿಗೋ, ಅಧ್ಯಾಪಕರಿಗೋ, ವಿದ್ಯಾರ್ಥಿನಿಲಯದ ಮೇಲ್ವಿಚಾರಕರಿಗೋ ಹೇಳಬೇಕು. ಅವನು ಕೋಪಿಸಿಕೊಳ್ಳಬಹುದು. ಕೋಪವು ಇಳಿಯಲು ಮುಂದೆ ಕಾಲವಿರುತ್ತದೆ. ಮೊದಲು ಹೇಳಿದವರು ಹಗುರವಾಗಿ ತಳ್ಳಿಹಾಕಿದರೆ ಎರಡನೆಯವರಿಗೆ, ಮೂರನೆಯವರಿಗೆ ಹೇಳಬೇಕು.

ಇದನ್ನು ಓದುತ್ತಿರುವವರಲ್ಲಿಯೇ ಯಾರಾದರೂ ಆ ಸುರಂಗದಲ್ಲಿರಬಹುದು. ಅವರಿಗೆ ಒಂದೇ ಮಾತು: ಈಗ ಒಂಟಿಯಾಗಿರಬೇಡಿ. ಎದ್ದು ಇನ್ನೊಬ್ಬರಿರುವ ಕಡೆಗೆ ಹೋಗಿ, ಇಲ್ಲವೆ 14416ಕ್ಕೆ ಕರೆಯಿರಿ. ಮಾತು ಹೇಗೆ ಆರಂಭಿಸಬೇಕೆಂದು ತೋಚದಿದ್ದರೆ "ನನಗೆ ಈಗ ಸಹಾಯ ಬೇಕು" ಎಂದಿಷ್ಟೇ ಹೇಳಿದರೂ ಸಾಕು. ಜ್ವರ ಬಂದಾಗ ವೈದ್ಯರನ್ನು ಕಾಣುವುದು ಹೇಗೆ ದೌರ್ಬಲ್ಯವಲ್ಲವೋ ಇದೂ ಹಾಗೆಯೇ.

ಮುಖ್ಯ ಸ್ವಿಚ್ಚು ಎಲ್ಲಿದೆಯೆಂಬುದನ್ನು ಅಪಘಾತವಾದ ಮೇಲೆ ಹುಡುಕತೊಡಗಿದರೆ ತಡವಾಗುತ್ತದೆ. ಈ ಸಂಖ್ಯೆಗಳೂ ಅಂತೆಯೇ. ಇಂದೇ ಅವನ್ನು ಮೊಬೈಲಿನಲ್ಲಿ ಉಳಿಸಿಟ್ಟುಕೊಳ್ಳಿ. ತರಗತಿಯ ಗೋಡೆಯ ಮೇಲೆ, ವಿದ್ಯಾರ್ಥಿನಿಲಯದ ಬಾಗಿಲ ಬಳಿ ದೊಡ್ಡದಾಗಿ ಬರೆದು ಅಂಟಿಸಿ. ಯಾವ ರಾತ್ರಿ ಯಾರಿಗೆ ಅದು ಬೇಕಾಗುವುದೋ ಹೇಳಲು ಬಾರದು.