ಆಟೊಮ್ಯಾಟಿಕ್ ಕಾರಿಗೆ ಕ್ಲಚ್ ಜೋಡಿಸಿದರೆ ಏನೇನು ಬದಲಾಗುತ್ತೆ?



ಇವತ್ತಿನ ವಿಷಯ ಕಾರಿನ ಗೇರ್‌ಬಾಕ್ಸ್. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿರೋ ಕನ್ನಡಿಗರಲ್ಲಿ ಬಹಳ ಜನ ಡ್ರೈವಿಂಗ್ ಕಲಿತಿದ್ದು ಊರಲ್ಲಿ, ಕ್ಲಚ್ ಇರೋ ಕಾರಲ್ಲಿ. ಅಮೆರಿಕಕ್ಕೆ ಹೋದ ಮೇಲೆ ಎಡಗಾಲಿಗೆ ಕೆಲಸವೇ ಇಲ್ಲ. ಅಲ್ಲಿ ಈಗ ಮಾರಾಟವಾಗೋ ಹೊಸ ಕಾರುಗಳಲ್ಲಿ ಮ್ಯಾನುಯಲ್ ಗೇರ್ ಇರೋದು ನೂರಕ್ಕೆ ಒಂದೋ ಎರಡೋ ಮಾತ್ರ. ಹಾಗಾಗಿ ಕೆಲವರಿಗೆ ಒಂದು ಆಸೆ: ಹಳೇ ಆಟೊಮ್ಯಾಟಿಕ್ ಕಾರು ತಗೊಂಡು, ಅದರ ಗೇರ್‌ಬಾಕ್ಸ್ ಇಳಿಸಿ, ಮ್ಯಾನುಯಲ್ ಹಾಕಿಸಿಬಿಟ್ಟರೆ ಹೇಗೆ? ಇದಕ್ಕೆ ಮ್ಯಾನುಯಲ್ ಸ್ವಾಪ್ ಅಂತಾರೆ. ಸಾಧ್ಯವಾ ಅಂದ್ರೆ, ಖಂಡಿತ ಸಾಧ್ಯ. ಆದರೆ ಇದು ಒಂದು ಪೆಟ್ಟಿಗೆ ತೆಗೆದು ಇನ್ನೊಂದು ಪೆಟ್ಟಿಗೆ ಇಡೋ ಕೆಲಸ ಅಂದ್ಕೊಂಡ್ರೆ ಅರ್ಧ ಮಾತ್ರ ಅರ್ಥವಾದ ಹಾಗೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ನಮ್ಮ ಪರವಾಗಿ ಮೂರು ತೀರ್ಮಾನ ತಗೊಳ್ಳುತ್ತೆ. ಒಂದು, ಎಂಜಿನ್ ಮತ್ತು ಚಕ್ರವನ್ನು ಯಾವಾಗ, ಎಷ್ಟು ಜೋಡಿಸಬೇಕು. ಎರಡು, ಯಾವ ಗೇರ್‌ನಲ್ಲಿ ಓಡಬೇಕು. ಮೂರು, ಯಾವ ಸ್ಥಿತಿಯಲ್ಲಿ ಎಂಜಿನ್ ಸ್ಟಾರ್ಟ್ ಆಗಬಹುದು, ನಿಂತ ಕಾರನ್ನು ಯಾರು ಹಿಡಿದಿರಬೇಕು. ಪೆಟ್ಟಿಗೆ ತೆಗೆದರೆ ಈ ಮೂರೂ ತೀರ್ಮಾನಕ್ಕೆ ಹೊಸ ಯಜಮಾನರು ಬೇಕು. ಅದನ್ನು ಮರೆತ ಕಡೆಯೇ ತೊಂದರೆ ಶುರುವಾಗೋದು.

ಮೊದಲನೇದು ನೋಡೋಣ. ಆಟೊಮ್ಯಾಟಿಕ್ ಕಾರಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತೆ. ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಇನ್ನೊಂದೂ ತಿರುಗುತ್ತಲ್ಲ, ಹಾಗೇ. ಗಾಳಿಯ ಬದಲು ಎಣ್ಣೆ, ಅಷ್ಟೇ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕಾರು ನಿಂತಿದ್ದಾಗ ಎಂಜಿನ್ ತಿರುಗ್ತಾನೇ ಇರುತ್ತೆ, ಎಣ್ಣೆ ಜಾರುತ್ತೆ, ಎಂಜಿನ್ ಆಫ್ ಆಗಲ್ಲ. ಹೊರಡುವಾಗ ಎಂಜಿನ್ನಿನ ತಿರುಚು ಬಲವನ್ನು, ಅಂದ್ರೆ ಟಾರ್ಕನ್ನು, ಸುಮಾರು ಎರಡು ಪಟ್ಟು ಹೆಚ್ಚಿಸಿಯೂ ಕೊಡುತ್ತೆ.

ಸ್ವಾಪ್ ಮಾಡುವಾಗ ಇದು ಹೊರಗೆ ಹೋಗುತ್ತೆ. ಅದರ ಜಾಗಕ್ಕೆ ಭಾರವಾದ ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಬರುತ್ತೆ. ಕಾಲ ಹತ್ತಿರ ಕ್ಲಚ್ ಪೆಡಲ್ ಮತ್ತು ಅದರ ಹೈಡ್ರಾಲಿಕ್ ಸಿಲಿಂಡರ್, ಜೊತೆಗೆ ಅಗಲ ಕಡಿಮೆ ಇರೋ ಬ್ರೇಕ್ ಪೆಡಲ್. ಹಿಂಬದಿ ಚಕ್ರ ಎಳೆಯೋ ಕಾರಾದ್ರೆ ಡ್ರೈವ್ ಶಾಫ್ಟಿನ ಉದ್ದವೂ ಬದಲಾಗಬಹುದು. ಹಾಗಾಗಿಯೇ ಜಾಣರು ಬಿಡಿಭಾಗಗಳನ್ನು ಒಂದೊಂದಾಗಿ ಹುಡುಕಲ್ಲ. ಅದೇ ಮಾಡೆಲ್ಲಿನ, ಅಪಘಾತವಾದ ಮ್ಯಾನುಯಲ್ ಕಾರೊಂದನ್ನು ಇಡಿಯಾಗಿ ಕೊಳ್ತಾರೆ. ಕಾರ್ಖಾನೆಯೇ ಮ್ಯಾನುಯಲ್ ರೂಪದಲ್ಲೂ ಮಾರಿದ್ದ ಮಾಡೆಲ್ ಆದ್ರೆ ಕೆಲಸ ಸಲೀಸು. ಇಲ್ಲದಿದ್ರೆ ಪ್ರತಿ ಬ್ರಾಕೆಟ್ಟನ್ನೂ ಹೊಸದಾಗಿ ಮಾಡಿಸಬೇಕು.

ಈಗ ಸ್ಯಾನ್ ಫ್ರಾನ್ಸಿಸ್ಕೊದ ದಿಬ್ಬಕ್ಕೆ ಬರೋಣ. ಹೈಡ್ ಮತ್ತು ಲೆವನ್‌ವರ್ತ್ ಬೀದಿಗಳ ನಡುವೆ ಫಿಲ್ಬರ್ಟ್ ಸ್ಟ್ರೀಟಿನ ಇಳಿಜಾರು ಶೇಕಡ 31.5. ಅಂದ್ರೆ ಅಡ್ಡಲಾಗಿ 100 ಮೀಟರ್ ಹೋದ್ರೆ 31.5 ಮೀಟರ್ ಎತ್ತರ. ಫಿಲ್ಬರ್ಟಿನ ಆ ತುಂಡಲ್ಲಿ ವಾಹನಗಳು ಇಳಿಯೋದು ಮಾತ್ರ, ಆದರೆ ಲೆಕ್ಕಕ್ಕೆ ಅಷ್ಟೇ ಕಡಿದಾದ ಏರು ಒಂದನ್ನು ಕಲ್ಪಿಸಿಕೊಳ್ಳಿ. 1,400 ಕಿಲೋ ತೂಕದ ಕಾರನ್ನು ಅಲ್ಲಿ ನಿಲ್ಲಿಸಿದ್ರೆ, ಸುಮಾರು 420 ಕಿಲೋ ತೂಕದಷ್ಟು ಬಲ ಅದನ್ನು ಹಿಂದಕ್ಕೆ ಎಳೀತಾ ಇರುತ್ತೆ. ಸಾಧಾರಣ ಒಂದನೇ ಗೇರಿನ ಲೆಕ್ಕದಲ್ಲಿ, ಹಿಂದಕ್ಕೆ ಜಾರದೆ ನಿಲ್ಲೋದಕ್ಕೇ ಎಂಜಿನ್ 90 ನ್ಯೂಟನ್ ಮೀಟರಿನಷ್ಟು ಟಾರ್ಕ್ ಕೊಡಬೇಕು.

ಬ್ರೇಕ್ ಹಿಡಿಯದೆ, ಅರ್ಧ ಕ್ಲಚ್ಚಲ್ಲೇ ಕಾರನ್ನು ಅಲ್ಲಿ ನಿಲ್ಲಿಸಿದ್ರಿ ಅಂದ್ಕೊಳ್ಳಿ, ಎಂಜಿನ್ 1,500 ಆರ್‌ಪಿಎಂ ಅಲ್ಲಿದೆ. ಚಕ್ರ ತಿರುಗ್ತಾ ಇಲ್ಲ, ಹಾಗಾಗಿ ಎಂಜಿನ್ ಕೊಡೋ ಶಕ್ತಿಯೆಲ್ಲ ಕ್ಲಚ್ ಪ್ಲೇಟಲ್ಲಿ ಶಾಖವಾಗುತ್ತೆ. ಎಷ್ಟು? ಸುಮಾರು 14 ಕಿಲೋವ್ಯಾಟ್. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್ ಏಳು ಒಟ್ಟಿಗೆ ಹಾಕಿದ ಹಾಗೆ, ಅದೂ ಊಟದ ತಟ್ಟೆಯಷ್ಟು ಅಗಲದ ಒಂದು ಪ್ಲೇಟಿನ ಮೇಲೆ! ಸುಟ್ಟ ವಾಸನೆ ಬರೋದು ಇದಕ್ಕೇ. ಟಾರ್ಕ್ ಕನ್ವರ್ಟರಲ್ಲೂ ಜಾರುವಾಗ ಶಾಖ ಹುಟ್ಟುತ್ತೆ, ಆದರೆ ಅದು ಎಣ್ಣೆಯ ಜೊತೆ ಕೂಲರಿಗೆ ಹರಿದುಹೋಗುತ್ತೆ. ಕ್ಲಚ್ಚಿಗೆ ಆ ಸೌಲಭ್ಯ ಇಲ್ಲ. ಹಾಗಾಗಿ ಕಾರನ್ನು ಹಿಡಿದಿಡೋದು ಹ್ಯಾಂಡ್‌ಬ್ರೇಕಿನ ಕೆಲಸ, ಹೊರಡಿಸೋದು ಕ್ಲಚ್ಚಿನ ಕೆಲಸ. ಚಾರ್ಮಾಡಿ ಘಾಟಿಯಲ್ಲಿ ಲಾರಿ ಹಿಂದೆ ನಿಂತು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇ ತೀರ್ಮಾನ, ಯಾವ ಗೇರ್ ಅನ್ನೋದು. ಇದು ಸುಲಭ, ನಿಮ್ಮ ಕೈಗೆ ಬರುತ್ತೆ. ಇಲ್ಲಿ ಒಂದು ಸ್ವಾರಸ್ಯ ಇದೆ. ಭಾರತದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಎಎಂಟಿ ಬಂತು ನೋಡಿ, ಅದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತೋದು, ಗೇರ್ ಹಾಕೋದು ಮಾತ್ರ ಯಂತ್ರ. ಅಂದ್ರೆ ಪೆಟ್ಟಿಗೆ ಬದಲಾಗದೆ ತೀರ್ಮಾನ ಮಾತ್ರ ಮನುಷ್ಯನಿಂದ ಯಂತ್ರಕ್ಕೆ ಹೋಯ್ತು. ಸ್ವಾಪಲ್ಲಿ ನಡೆಯೋದು ಇದರ ಉಲ್ಟಾ.

ಮೂರನೇದು ಜೀವಕ್ಕೆ ಸಂಬಂಧಿಸಿದ್ದು. ಆಟೊಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್ ಬಿಟ್ಟು ಬೇರೆ ಕಡೆ ಸ್ಟಾರ್ಟ್ ಆಗಲ್ಲ. ಗೇರ್‌ಬಾಕ್ಸಿನ ಒಂದು ಸ್ವಿಚ್ಚು ಅದನ್ನು ಕಾಯ್ತಿರುತ್ತೆ. ಪೆಟ್ಟಿಗೆ ಜೊತೆ ಆ ಸ್ವಿಚ್ಚೂ ಹೋಗುತ್ತೆ, ಕಾರು ಸ್ಟಾರ್ಟೇ ಆಗಲ್ಲ. ಆಗ ಕೆಲವರು ಎರಡು ವೈರ್ ತಿರುಚಿ ಸೇರಿಸಿಬಿಡ್ತಾರೆ. ಕಾರೇನೋ ಸ್ಟಾರ್ಟ್ ಆಗುತ್ತೆ, ಗೇರಲ್ಲಿದ್ದಾಗಲೂ ಆಗುತ್ತೆ! ಮುಂದೆ ಯಾರಾದರೂ ನಿಂತಿದ್ರೆ? ಆ ವೈರನ್ನು ಕ್ಲಚ್ ಪೆಡಲ್ ಸ್ವಿಚ್ಚಿಗೆ ಜೋಡಿಸಲೇಬೇಕು. ರಿವರ್ಸ್ ದೀಪದ ಸ್ವಿಚ್ಚೂ ಹಾಗೇ.

ಗೇರ್‌ಬಾಕ್ಸನ್ನೇ ಲಾಕ್ ಮಾಡ್ತಿದ್ದ ಪಾರ್ಕ್ ಕೂಡ ಇನ್ನಿಲ್ಲ. ಆಟೊಮ್ಯಾಟಿಕ್ ಕಾರಲ್ಲಿ ಎಷ್ಟೋ ಜನ ಹ್ಯಾಂಡ್‌ಬ್ರೇಕ್ ಮುಟ್ಟಿಯೇ ಇರಲ್ಲ, ಅದರ ಕೇಬಲ್ ಬಿಗಿ ಹಿಡಿದಿರಬಹುದು. ಸ್ವಾಪಿಗೆ ಮುಂಚೆ ಅದನ್ನು ಸರಿಮಾಡಿಸಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶೇಕಡ 3ಕ್ಕಿಂತ ಹೆಚ್ಚಿನ ಇಳಿಜಾರಲ್ಲಿ ಪಾರ್ಕ್ ಮಾಡಿದ್ರೆ ಚಕ್ರ ತಿರುಗಿಸಿ ನಿಲ್ಲಿಸಬೇಕು ಅನ್ನೋ ನಿಯಮವೇ ಇದೆ. ಇಳಿಮುಖವಾಗಿದ್ರೆ ಫುಟ್‌ಪಾತ್ ಕಡೆಗೆ, ಏರುಮುಖವಾಗಿದ್ರೆ ರಸ್ತೆ ಕಡೆಗೆ.

ಇಷ್ಟೆಲ್ಲ ಆದ ಮೇಲೂ ಒಬ್ಬರಿಗೆ ಸುದ್ದಿ ತಲುಪಿರಲ್ಲ. ಯಾರು? ಕಾರಿನ ಕಂಪ್ಯೂಟರ್. ಎಂಜಿನ್ ಕಂಪ್ಯೂಟರ್ ಗೇರ್‌ಬಾಕ್ಸ್ ಕಂಪ್ಯೂಟರನ್ನು ಮಾತಾಡಿಸ್ತಾನೇ ಇರುತ್ತೆ. ಉತ್ತರ ಬರದೇ ಇದ್ರೆ ಯು0101 ಥರದ ದೋಷಸಂಖ್ಯೆ ಬರೆದುಕೊಂಡು ಚೆಕ್ ಎಂಜಿನ್ ದೀಪ ಹಚ್ಚಬಹುದು. ಕೆಲವು ಕಡೆ ಇದು ಬರೀ ಕಿರಿಕಿರಿ. ಕ್ಯಾಲಿಫೋರ್ನಿಯಾದಲ್ಲಿ ಆ ದೀಪ ಉರಿದಿದ್ರೆ ಸ್ಮಾಗ್ ಚೆಕ್ ಫೇಲ್, ಸ್ಮಾಗ್ ಚೆಕ್ ಇಲ್ಲದೆ ನೋಂದಣಿ ನವೀಕರಣ ಇಲ್ಲ.

ಸ್ಮಾಗ್ ಚೆಕ್ ಅಂದ್ರೆ ನಮ್ಮ ಎಮಿಷನ್ ಟೆಸ್ಟಿನ ಅಣ್ಣ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. 2000ನೇ ಮಾಡೆಲ್ ಮತ್ತು ಆಮೇಲಿನ ಪೆಟ್ರೋಲ್ ಕಾರುಗಳಲ್ಲಿ ಕಂಪ್ಯೂಟರಿಗೇ ವೈರ್ ಹಾಕಿ ಓದ್ತಾರೆ. 2021ರ ಜುಲೈ 19ರಿಂದ ಇನ್ನೊಂದು ಬಿಗಿ ಬಂದಿದೆ: ಎಂಜಿನ್ ತಂತ್ರಾಂಶ ತಯಾರಕರದ್ದೋ, ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ಒಪ್ಪಿದ್ದೋ ಆಗಿರಬೇಕು. ಯಾರೋ ತಿದ್ದಿ ಕೊಟ್ಟ ಫೈಲ್ ಹಾಕಿ ದೀಪ ಆರಿಸಿದ್ರೆ ಅದೂ ಫೇಲ್. 1975 ಮತ್ತು ಅದಕ್ಕಿಂತ ಹಳೇ ಕಾರುಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿ ಇದೆ.

ಅದಕ್ಕೇ ಬೇ ಏರಿಯಾದಲ್ಲಿ ಈ ಕೆಲಸದ ಮೊದಲ ಪ್ರಶ್ನೆ "ಗೇರ್‌ಬಾಕ್ಸ್ ಎಲ್ಲಿ ಸಿಗುತ್ತೆ" ಅನ್ನೋದಲ್ಲ. "ನನ್ನ ಕಾರಿಗೆ ಕಾರ್ಖಾನೆಯದೇ ಮ್ಯಾನುಯಲ್ ತಂತ್ರಾಂಶ ಇದೆಯಾ" ಅನ್ನೋದು. ಅನುಮಾನ ಇದ್ರೆ ಬಿಡಿಭಾಗ ಕೊಳ್ಳೋ ಮುಂಚೆಯೇ ಸ್ಮಾಗ್ ಚೆಕ್ ರೆಫರಿಯನ್ನು ಕೇಳಿ. ಮಾರ್ಪಾಡಾದ ವಾಹನಗಳನ್ನು ನೋಡೋದಕ್ಕೇ ಇರೋ ವ್ಯವಸ್ಥೆ ಅದು.

ಊರಲ್ಲಿ ಕೇಳ್ತಿರೋರಿಗೆ ಒಂದು ಮಾತು. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರೋ ಹಾಗೆ ವಾಹನ ಬದಲಿಸೋದನ್ನು ತಡೆಯುತ್ತೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಗಟ್ಟಿಯಾಗಿ ಹೇಳಿದೆ. ಆರ್‌ಟಿಓ ಕೇಳದೆ ಕೈ ಹಾಕಬೇಡಿ.

ಪೆಟ್ರೋಲ್ ಉಳಿಯುತ್ತಾ ಅಂದ್ರೆ, ಹಳೇ ನಾಲ್ಕು ಗೇರಿನ ಆಟೊಮ್ಯಾಟಿಕ್ಕಿಗೆ ಹೋಲಿಸಿದ್ರೆ ಸ್ವಲ್ಪ ಉಳಿಯಬಹುದು. ಇವತ್ತಿನ ಎಂಟು, ಹತ್ತು ಗೇರಿನ ಆಟೊಮ್ಯಾಟಿಕ್ಕುಗಳ ಮುಂದೆ ಆ ವಾದ ನಿಲ್ಲಲ್ಲ. ಸಿಗೋದು ಎಡಗಾಲಿನ ಖುಷಿ. ಆ ಖುಷಿಗೆ ಬೆಲೆ ಎಷ್ಟು ಅನ್ನೋದು ನಿಮ್ಮ ತೀರ್ಮಾನ. ಆದರೆ ಕ್ಲಚ್ ಸ್ವಿಚ್ಚು, ಹ್ಯಾಂಡ್‌ಬ್ರೇಕು, ತಂತ್ರಾಂಶ, ಈ ಮೂರು ಸರಿಯಾಗದೆ ಕಾರನ್ನು ರಸ್ತೆಗಿಳಿಸಬೇಡಿ.