ಗಡಿಯಾಚೆಯ ನಾಲ್ಕು ಅಂಗಡಿಗಳು

ಕೆಲವು ದಿನಗಳ ಹಿಂದೆ ನಮ್ಮ ಧರ್ಮಕೇಂದ್ರದ ಮಹಿಳೆಯರ ಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಊರಿನ ಮದ್ಯದಂಗಡಿಯನ್ನು ಮುಚ್ಚಿಸಬೇಕೇ, ಇಲ್ಲವೇ ಬಿಗಿಯಾದ ಹತೋಟಿಯಲ್ಲಿ ನಡೆಯಗೊಡಬೇಕೇ? ಮುಚ್ಚಿಸಿದರೆ ಗಂಡಸರು ಪಕ್ಕದ ಊರಿಗೆ ಹೋಗಿ ಕುಡಿದು ದಾರಿಯಲ್ಲೇ ಬಿದ್ದಿರುತ್ತಾರೆ ಎಂದು ಒಬ್ಬ ತಾಯಿ ಅಳುಕಿದರು. "ಇರಲಿ ಫಾದರ್, ಬಾಗಿಲ ಮುಂದೆ ಇರುವುದಕ್ಕಿಂತ ಎರಡು ಮೈಲಿ ಆಚೆ ಇರುವುದೇ ವಾಸಿ" ಎಂದರು ಇನ್ನೊಬ್ಬರು. ನಾನು ಒಡನೆ ಉತ್ತರ ಕೊಡಲಿಲ್ಲ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಒಡನೆ ಉತ್ತರ ಕೊಡದಿರುವುದೊಂದು ಚಾಳಿ. ಆದರೆ ಆ 'ಎರಡು ಮೈಲಿ' ಎಂಬ ಮಾತು ಮನಸ್ಸಿನಲ್ಲಿ ಉಳಿಯಿತು. ದೂರದ ಅಮೆರಿಕದಲ್ಲಿ ಸರಿಯಾಗಿ ಎರಡು ಮೈಲಿಯ ಅಂತರದಲ್ಲೇ ಒಂದು ಜನಾಂಗದ ದುರಂತ ನಡೆದುಹೋಗಿದೆ.

ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದಲ್ಲಿ ಒಗ್ಲಾಲಾ ಲಕೋಟಾ ಕೌಂಟಿ ಎಂಬ ಹಳ್ಳಿಗಾಡಿನ ಆಡಳಿತ ವಿಭಾಗವಿದೆ. ಕೌಂಟಿ ಎಂದರೆ ನಮ್ಮ ತಾಲ್ಲೂಕು, ಜಿಲ್ಲೆಗಳಂತೆ ಎಂದಿಟ್ಟುಕೊಳ್ಳಿ. 2015ರವರೆಗೆ ಅದರ ಹೆಸರು ಶಾನನ್ ಕೌಂಟಿ. ಅದು ಪೂರ್ತಿಯಾಗಿ ಪೈನ್ ರಿಡ್ಜ್ ಎಂಬ ಮೂಲನಿವಾಸಿಗಳ ಮೀಸಲು ಪ್ರದೇಶದೊಳಗಿದೆ. ಸಿರಿವಂತ ಅಮೆರಿಕದ ಕಡುಬಡ ಕೌಂಟಿಗಳ ಸಾಲಿಗೆ ಸೇರಿದ ಅದಕ್ಕೆ ತನ್ನದೇ ಆದ ಆಡಳಿತ ಕೇಂದ್ರವೂ ಇಲ್ಲ. ಕಚೇರಿಯ ಕೆಲಸಗಳೆಲ್ಲ ಪಕ್ಕದ ಕೌಂಟಿಯ ಹಾಟ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ನಡೆಯುತ್ತವೆ. 1890ರ ಡಿಸೆಂಬರ್ 29ರಂದು ಸೈನಿಕರು ಲಕೋಟಾ ಹೆಂಗಸರು, ಮಕ್ಕಳೆನ್ನದೆ ಗುಂಡಿಟ್ಟು ಕೊಂದ ವೂಂಡೆಡ್ ನೀ ಇರುವುದೂ ಈ ನೆಲದಲ್ಲೇ.

ಕಥೋಲಿಕರಾದ ನಮಗೆ ಆ ನೆಲ ತೀರಾ ಅಪರಿಚಿತವಲ್ಲ. ಲಕೋಟಾ ನಾಯಕ ರೆಡ್ ಕ್ಲೌಡ್ ತನ್ನ ಮಕ್ಕಳಿಗೆ ವಿದ್ಯೆ ಕಲಿಸಲು 'ಕಪ್ಪು ನಿಲುವಂಗಿಯವರು' ಬೇಕೆಂದು ಪಟ್ಟುಹಿಡಿದು ಕೇಳಿದ. ಅದರ ಫಲವಾಗಿ ಯೇಸುಸಭೆಯ ಗುರುಗಳು 1888ರಲ್ಲಿ ಅಲ್ಲಿ ಪವಿತ್ರ ಜಪಮಾಲೆಯ ಹೆಸರಿನ ಮಿಷನ್ ಶಾಲೆಯನ್ನು ತೆರೆದರು. ರೆಡ್ ಕ್ಲೌಡ್ 1909ರಲ್ಲಿ ತೀರಿಕೊಂಡಾಗ ಆತನನ್ನು ಮಣ್ಣುಮಾಡಿದ್ದು ಆ ಮಿಷನ್ನಿನ ಸಮಾಧಿಭೂಮಿಯಲ್ಲಿ. ಲಕೋಟಾ ವೈದ್ಯನೂ ದಾರ್ಶನಿಕನೂ ಆಗಿದ್ದು, 1904ರಲ್ಲಿ ಜ್ಞಾನಸ್ನಾನ ಪಡೆದು ಉಪದೇಶಿಯಾಗಿ ದುಡಿದ ನಿಕೊಲಾಸ್ ಬ್ಲ್ಯಾಕ್ ಎಲ್ಕ್ ಅವರನ್ನು ಸಂತ ಪದವಿಗೇರಿಸುವ ವಿಚಾರಣೆಯನ್ನು ರ‍್ಯಾಪಿಡ್ ಸಿಟಿ ಧರ್ಮಪ್ರಾಂತ್ಯ 2017ರಲ್ಲಿ ಆರಂಭಿಸಿತು.

ಈಗ ಮದ್ಯದ ಮಾತಿಗೆ ಬರೋಣ. ಮೂಲನಿವಾಸಿಗಳಿಗೆ ಮದ್ಯ ಮಾರುವುದನ್ನು ಅಮೆರಿಕದ ಕೇಂದ್ರ ಕಾನೂನು ದೀರ್ಘಕಾಲ ನಿಷೇಧಿಸಿತ್ತು. 1953ರಲ್ಲಿ ಆ ಕಾನೂನು ಸಡಿಲಗೊಂಡು, ಮೀಸಲು ಪ್ರದೇಶದೊಳಗೆ ಮದ್ಯ ಬೇಕೋ ಬೇಡವೋ ಎಂಬ ತೀರ್ಮಾನ ಆಯಾ ಬುಡಕಟ್ಟಿಗೆ ಸೇರಿತು. ಪೈನ್ ರಿಡ್ಜ್ ಬೇಡವೆಂದಿತು. 1970ರ ದಶಕದ ಒಂದು ಅಲ್ಪಾವಧಿಯನ್ನು ಬಿಟ್ಟರೆ ಆ ನಿಷೇಧವನ್ನು ಅದು ಕೈಬಿಡಲಿಲ್ಲ. ಮಾರುವಂತಿಲ್ಲ, ಕುಡಿಯುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ.

ಆದರೆ ಪೈನ್ ರಿಡ್ಜ್ ಎಂಬ ಮುಖ್ಯ ಊರಿನಿಂದ ಎರಡು ಮೈಲಿ ನಡೆದರೆ ನೆಬ್ರಾಸ್ಕಾ ರಾಜ್ಯದ ಗಡಿ. ಗಡಿ ದಾಟಿದೊಡನೆ ವೈಟ್‌ಕ್ಲೇ. ಊರೆಂದು ಕರೆಯುವುದೂ ಕಷ್ಟ. 2000ದ ಜನಗಣತಿಯಂತೆ ಅಲ್ಲಿದ್ದವರು 14 ಮಂದಿ. ಬಿಯರ್ ಅಂಗಡಿಗಳು ಮಾತ್ರ ನಾಲ್ಕು! 2010ರಲ್ಲಿ ಆ ನಾಲ್ಕು ಅಂಗಡಿಗಳು ಮಾರಿದ್ದು ಸುಮಾರು 49 ಲಕ್ಷ ಡಬ್ಬಿ ಬಿಯರ್. ದಿನವೊಂದಕ್ಕೆ 13 ಸಾವಿರಕ್ಕೂ ಹೆಚ್ಚು. ಕೊಳ್ಳುತ್ತಿದ್ದವರು ಯಾರೆಂಬುದನ್ನು ಹೇಳಬೇಕಾಗಿಲ್ಲ. ಅಂಗಡಿಯೊಳಗೆ ಕುಳಿತು ಕುಡಿಯಲು ಪರವಾನಗಿಯಿರಲಿಲ್ಲ, ಮನೆಗೆ ಒಯ್ದರೆ ಅಪರಾಧ. ಆದ್ದರಿಂದ ಕೊಂಡವರು ಬೀದಿಯ ಬದಿಯಲ್ಲೇ ಕುಡಿದು ಅಲ್ಲೇ ಒರಗುತ್ತಿದ್ದರು. ಕೊಳ್ಳಲು ಕಾನೂನಿದೆ, ಕುಡಿಯಲು ಜಾಗವಿಲ್ಲ. ಇಂತಹ ವಿಪರ್ಯಾಸವನ್ನು ತರ್ಕಶಾಸ್ತ್ರದ ಪಾಠಕ್ಕೆಂದು ಕಲ್ಪಿಸಿಕೊಳ್ಳುವುದೂ ಕಷ್ಟ.

ಇದರ ಹಿಂದೆ ಹೆಚ್ಚು ಮಂದಿಗೆ ತಿಳಿಯದ ಒಂದು ಇತಿಹಾಸವಿದೆ. ವಿಸ್ಕಿ ವ್ಯಾಪಾರಿಗಳು ಗಡಿಯಲ್ಲಿ ಡೇರೆ ಹೂಡಿ ಮೂಲನಿವಾಸಿಗಳನ್ನು ಸುಲಿಯುತ್ತಾರೆಂದು ಕಂಡು, 1882ರಲ್ಲಿ ಅಧ್ಯಕ್ಷ ಆರ್ಥರ್ ನೆಬ್ರಾಸ್ಕಾದ ಕಡೆಯ 50 ಚದರ ಮೈಲಿ ನೆಲವನ್ನು ತಡೆಪಟ್ಟಿಯಾಗಿ ಕಾದಿರಿಸಿದ. ಐದು ಮೈಲಿ ಅಗಲದ ಆ ಬೇಲಿ ಇಪ್ಪತ್ತೆರಡು ವರ್ಷ ಇತ್ತು. 1904ರ ಜನವರಿಯಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಒಂದೇ ಒಂದು ಆಜ್ಞೆಯಿಂದ, ಅದರಲ್ಲಿ ಒಂದು ಚದರ ಮೈಲಿ ಬಿಟ್ಟು ಉಳಿದುದನ್ನೆಲ್ಲ ತೆರವುಗೊಳಿಸಿದ. ಆ ನೆಲದ ಮೇಲೆಯೇ ವೈಟ್‌ಕ್ಲೇ ಬೆಳೆಯಿತು. ಬ್ಲ್ಯಾಕ್ ಎಲ್ಕ್ ಜ್ಞಾನಸ್ನಾನ ಪಡೆದುದು ಅದೇ ವರ್ಷದ ಡಿಸೆಂಬರಿನಲ್ಲಿ.

2012ರ ಫೆಬ್ರವರಿಯಲ್ಲಿ ಬುಡಕಟ್ಟು ಬಿಯರ್ ಕಂಪೆನಿಗಳ ಮೇಲೂ ಆ ಅಂಗಡಿಗಳ ಮೇಲೂ 50 ಕೋಟಿ ಡಾಲರ್ ಪರಿಹಾರ ಕೋರಿ ದಾವೆ ಹೂಡಿತು. ಅಲ್ಲಿ ಹುಟ್ಟುವ ನಾಲ್ಕು ಶಿಶುಗಳಲ್ಲಿ ಒಂದು, ತಾಯಿಯ ಕುಡಿತದಿಂದಾದ ಊನವನ್ನು ಹೊತ್ತೇ ಹುಟ್ಟುತ್ತದೆ ಎಂಬುದು ದಾವೆಯಲ್ಲಿದ್ದ ಒಂದು ಮಾತು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ದಾವೆ ಅದೇ ಅಕ್ಟೋಬರಿನಲ್ಲಿ ವಜಾ ಆಯಿತು.

ಆಗ ಬುಡಕಟ್ಟಿನೊಳಗೇ ಬೇರೊಂದು ವಾದ ಬಲಗೊಂಡಿತು. ನಾವು ನಿಷೇಧಿಸಿ ಗಳಿಸಿದ್ದೇನು? ಹಣ ನೆಬ್ರಾಸ್ಕಾಕ್ಕೆ, ತೆರಿಗೆ ನೆಬ್ರಾಸ್ಕಾಕ್ಕೆ. ಹೆಣ, ರೋಗ, ಅನಾಥ ಮಕ್ಕಳು ನಮಗೆ. ಬದಲಿಗೆ ಬುಡಕಟ್ಟೇ ಅಂಗಡಿ ತೆರೆದು, ಹೊತ್ತು ಗೊತ್ತು ನಿಗದಿಮಾಡಿ ಮಾರಲಿ. ಬಂದ ಲಾಭದಿಂದ ಚಿಕಿತ್ಸಾಲಯ, ಶಾಲೆಗಳು ಏಳಲಿ. 2013ರ ಆಗಸ್ಟಿನಲ್ಲಿ ಮತದಾನ ನಡೆದು, ಇನ್ನೂರಕ್ಕೂ ಕಡಿಮೆ ಮತಗಳ ಅಂತರದಿಂದ ಮದ್ಯಕ್ಕೆ ಒಪ್ಪಿಗೆ ಸಿಕ್ಕಿತು. ಬುಡಕಟ್ಟಿನ ಅಧ್ಯಕ್ಷರೇ ವಿರೋಧಿಸಿದ್ದರು. ಗೆದ್ದ ನಿರ್ಣಯ ಜಾರಿಗೆ ಬರಲೇ ಇಲ್ಲ.

ಇಲ್ಲಿ ನನಗೆ ಸಂತ ಥಾಮಸ್ ಅಕ್ವಿನಾಸರ ನೆನಪಾಗುತ್ತದೆ. ಮಾನವ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಬೇಕೇ ಎಂಬ ಪ್ರಶ್ನೆಯನ್ನು ಅವರು ಹದಿಮೂರನೆಯ ಶತಮಾನದಲ್ಲೇ ಕೇಳಿಕೊಂಡರು. ಬೇಡ ಎಂಬುದು ಅವರ ಉತ್ತರ. ಕಾನೂನು ಬಹುಸಂಖ್ಯಾತ ಸಾಮಾನ್ಯರಿಗಾಗಿ ಇರುವಂತಹುದು. ಅವರು ಹೊರಲಾರದ ಭಾರವನ್ನು ಹೊರಿಸಿದರೆ ಅವರು ಇನ್ನೂ ಕೆಟ್ಟದ್ದಕ್ಕೆ ಜಾರುತ್ತಾರೆ. ಆದರೆ ಇತರರಿಗೆ ಹಾನಿ ಮಾಡುವ, ತಡೆಯದಿದ್ದರೆ ಸಮಾಜವೇ ನಿಲ್ಲಲಾರದ ಕೇಡುಗಳನ್ನು ಕಾನೂನು ತಡೆಯಲೇಬೇಕು ಎಂದೂ ಅವರು ಅಲ್ಲಿಯೇ ಹೇಳುತ್ತಾರೆ. ಪೈನ್ ರಿಡ್ಜಿನಲ್ಲಿ ಎರಡು ಪಕ್ಷದವರೂ ಈ ಸಂತರನ್ನು ತಮ್ಮ ಸಾಕ್ಷಿಯಾಗಿ ಕರೆಯಬಹುದಿತ್ತು. ಮೊದಲ ಮಾತು ಅಂಗಡಿ ಬೇಕೆಂದವರಿಗೆ, ಎರಡನೆಯದು ಆ ನಾಲ್ಕನೆಯ ಶಿಶುವಿಗೆ.

ನಾನಲ್ಲಿ ಮತದಾರನಾಗಿದ್ದರೆ ಏನು ಮಾಡುತ್ತಿದ್ದೆ? ಬಹುಶಃ ಬೇಡವೆನ್ನುತ್ತಿದ್ದೆ. ಕುಡಿತವೇ ಪಾಪವೆಂದಲ್ಲ, ಕಾನಾ ಊರಿನ ಮದುವೆಯ ಕಥೆ ಬಲ್ಲವರು ಹಾಗೆನ್ನಲಾರರು. ನನ್ನ ಅಡ್ಡಿ ಕ್ರಮದ ಬಗ್ಗೆ. ಚಿಕಿತ್ಸಾಲಯವನ್ನು ಮೊದಲು ಕಟ್ಟದೆ ಅಂಗಡಿಯನ್ನು ಮೊದಲು ತೆರೆದರೆ, ಆಸ್ಪತ್ರೆಯನ್ನು ಸಾಕುವುದಕ್ಕಾಗಿಯೇ ರೋಗಿಗಳು ಹೆಚ್ಚಬೇಕಾಗುತ್ತದೆ. ಆದಾಯದ ರುಚಿ ಹತ್ತಿದ ಆಡಳಿತ ಅಂಗಡಿಯ ಹೊತ್ತನ್ನು ಕಡಿಮೆಮಾಡುವುದು ಅಪರೂಪ. ಹೀಗಿದ್ದೂ, ಅಂಗಡಿ ಬೇಕೆಂದವರ ಒಂದು ಮಾತನ್ನು ನಾನು ತಳ್ಳಿಹಾಕಲಾರೆ. ಕೇಡನ್ನು ಅನುಭವಿಸುವವರ ಕೈಯಲ್ಲೇ ಅದರ ನಿಯಂತ್ರಣವೂ ಇರಬೇಕು. ವೈಟ್‌ಕ್ಲೇಯ ಪರವಾನಗಿ ಕೊಡುವವರನ್ನು ಆರಿಸುವ ಹಕ್ಕು ಲಕೋಟಾ ತಾಯಂದಿರಿಗಿರಲಿಲ್ಲ, ಪರವಾನಗಿ ಪಡೆದವರ ಮಕ್ಕಳು ಪೈನ್ ರಿಡ್ಜಿನಲ್ಲಿ ಬೆಳೆಯುತ್ತಿರಲಿಲ್ಲ. ಅನ್ಯಾಯದ ಬೇರು ಡಬ್ಬಿಯೊಳಗಿದ್ದುದಕ್ಕಿಂತ ಹೆಚ್ಚಾಗಿ ಆ ಗೆರೆಯಲ್ಲಿತ್ತೆಂದು ನನಗೆ ತೋರುತ್ತದೆ.

ಕೊನೆಗೆ ಗೆರೆಯಾಚೆಯವರಿಗೇ ಎಚ್ಚರವಾಯಿತು. ವರ್ಷಗಟ್ಟಲೆ ನಡೆದ ಮೆರವಣಿಗೆ, ರಸ್ತೆತಡೆಗಳ ಬಳಿಕ 2017ರ ಏಪ್ರಿಲ್‌ನಲ್ಲಿ ನೆಬ್ರಾಸ್ಕಾದ ಮದ್ಯ ನಿಯಂತ್ರಣ ಆಯೋಗ ನಾಲ್ಕೂ ಅಂಗಡಿಗಳ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. ಆ ಕೌಂಟಿಯ ಆಡಳಿತ ಮಂಡಳಿ ನವೀಕರಣಕ್ಕೆ ಶಿಫಾರಸು ಮಾಡಿತ್ತು ಎಂಬುದನ್ನು ಮರೆಯಬಾರದು. ಆಯೋಗ ನೀಡಿದ ಕಾರಣ ಸರಳ: ಅಲ್ಲಿ ಕಾನೂನು ಪಾಲನೆಗೆ ಸಾಕಷ್ಟು ಪೊಲೀಸ್ ವ್ಯವಸ್ಥೆಯಿಲ್ಲ. ಅಂಗಡಿಯವರು ನ್ಯಾಯಾಲಯಕ್ಕೆ ಹೋದರು; ಕೆಳ ನ್ಯಾಯಾಲಯದಲ್ಲಿ ಗೆದ್ದರು. ಸೆಪ್ಟೆಂಬರಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವರ ಮೇಲ್ಮನವಿಯಲ್ಲಿ ವಿಧಿವಿಧಾನದ ಲೋಪವಿತ್ತೆಂದು ಆಯೋಗದ ತೀರ್ಮಾನವನ್ನೇ ಉಳಿಸಿತು. ನೂರು ವರ್ಷಗಳ ನೋವಿಗೆ ಸಿಕ್ಕಿದ ತೀರ್ಪು ಅರ್ಜಿಯಲ್ಲಿ ಯಾರನ್ನು ಪಕ್ಷಗಾರರಾಗಿ ಸೇರಿಸಿರಲಿಲ್ಲ ಎಂಬುದರ ಮೇಲೆ ನಿಂತಿತ್ತು!

ಅಂಗಡಿ ಮುಚ್ಚಿದ ಮೇಲೆ ಕುಡಿತ ನಿಂತಿತೇ ಎಂದು ನಮ್ಮ ಸಭೆಯ ತಾಯಿ ಖಂಡಿತ ಕೇಳುತ್ತಾರೆ. ನಿಲ್ಲಲಿಲ್ಲ. ಸುಮಾರು ಇಪ್ಪತ್ತು ಮೈಲಿ ದಕ್ಷಿಣದ ರಷ್‌ವಿಲ್ ಪಟ್ಟಣದಲ್ಲಿ ಮದ್ಯ ಸಿಗುತ್ತದೆ, ವಾಹನವಿದ್ದವರು ಹೋಗಿ ತರಬಹುದು. ಕಳ್ಳ ಮಾರಾಟವೂ ಇಲ್ಲದಿಲ್ಲ. ಆದರೆ ಎರಡು ಮೈಲಿಯನ್ನು ಕಾಲ್ನಡಿಗೆಯಲ್ಲಿ ಹೋಗಿಬರುವವನು ಇಪ್ಪತ್ತು ಮೈಲಿ ಹೋಗಲಾರ. ವೈಟ್‌ಕ್ಲೇಯ ಬೀದಿಯಲ್ಲಿ ಮಲಗಿರುತ್ತಿದ್ದ ಆ ಗುಂಪು ಚದುರಿಹೋಯಿತು.

2020ರ ಮಾರ್ಚ್‌ನಲ್ಲಿ ಪೈನ್ ರಿಡ್ಜಿನ ಜನ ಮತ್ತೊಮ್ಮೆ ಮತ ಹಾಕಿದರು. ಗಾಂಜಾ ಮಾರಾಟಕ್ಕೆ ಒಪ್ಪಿದರು. ತಮ್ಮ ಜೂಜುಕೇಂದ್ರದಲ್ಲಿ ಮದ್ಯ ಬಡಿಸುವ ಪ್ರಸ್ತಾಪವನ್ನು ತಿರಸ್ಕರಿಸಿದರು. ಮೊದಲನೆಯದನ್ನು ನಾನು ಒಪ್ಪಲಾರೆ, ಎರಡನೆಯದು ನನಗೆ ಅರ್ಥವಾಗುತ್ತದೆ. ಮುಂದಿನ ಸಭೆಗೆ ಈ ವೃತ್ತಾಂತವನ್ನು ಒಯ್ಯುತ್ತೇನೆ. ಎರಡು ಮೈಲಿಯೋ ಇಪ್ಪತ್ತು ಮೈಲಿಯೋ ಎಂಬುದನ್ನು ಆ ತಾಯಂದಿರೇ ಅಳೆಯಲಿ. ದಾರಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.