ಅಪರಾಧಿ ಮನೆಯೊಳಗೇ ಇದ್ದನು

ಬಿಡಿಸಿ ಮುಗಿದ ಒಗಟನ್ನು ಮತ್ತೆ ಬಿಡಿಸಲು ಯಾರಾದರೂ ಕುಳಿತುಕೊಳ್ಳುವುದುಂಟೆ? ಕೊಲೆಗಾರನಾರೆಂಬುದು ತಿಳಿದ ಮೇಲೆ ಪತ್ತೇದಾರಿ ಕಥೆಯಲ್ಲಿ ಉಳಿಯುವುದಾದರೂ ಏನೆಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೂ 1993ರಲ್ಲಿ ದೂರದರ್ಶನವು ಬಿತ್ತರಿಸಿದ ‘ಬ್ಯೋಮಕೇಶ ಬಕ್ಷಿ’ ಎಂಬ ಹಿಂದೀ ಧಾರಾವಾಹಿಯನ್ನು ಇಪ್ಪತ್ತೇಳು ವರ್ಷಗಳ ತರುವಾಯ ಪುನಃ ನೋಡುವ ಸಂದರ್ಭ ಒದಗಿದಾಗ, ಒಗಟು ಹಳೆಯದಾಗಿದ್ದರೂ ಅದರ ಹಿಂದಿನ ಮನುಷ್ಯರು ಹೊಸಬರಾಗಿ ಕಂಡರು.

ಕುಮಾರಪರ್ವತದ ಅಡಿಯಲ್ಲಿರುವ ನಮ್ಮ ಸುಬ್ರಹ್ಮಣ್ಯದಲ್ಲಿ ಟೆಲಿವಿಷನ್ ಆಗ ಇನ್ನೂ ಮನೆಮನೆಗೂ ಬಂದಿರಲಿಲ್ಲ. ಬೆನ್ನಿಗೇ ಘಟ್ಟ, ಮಳೆಗಾಲವೆಂದರೆ ತಿಂಗಳುಗಟ್ಟಲೆ ಜಡಿಮಳೆ. ಒಬ್ಬನು ಮಾಡು ಹತ್ತಿ ಆಂಟೆನಾ ತಿರುಗಿಸುತ್ತ “ಬಂತಾ?” ಎನ್ನುವನು, ಒಳಗಿನಿಂದ “ಬಂತು, ಬಂತು... ಹೋಯಿತು!” ಎಂಬ ಉತ್ತರ. ಚಿತ್ರ ನೆಟ್ಟಗೆ ನಿಂತ ಮೇಲೂ ಭಾಷೆಯ ತೊಡಕು. ಹಿಂದಿಯ ‘ಮಧ್ಯಮಾ’ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಅತ್ತಿಗೆಯೇ ಮನೆಮಂದಿಗೆಲ್ಲ ದುಭಾಷಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ದೊಡ್ಡಪ್ಪನವರಿಗೆ ಮಾತ್ರ ಈ ಬಂಗಾಳಿ ಪತ್ತೇದಾರನ ಮೇಲೆ ಮೊದಮೊದಲು ಅಷ್ಟೇನೂ ವಿಶ್ವಾಸ ಹುಟ್ಟಲಿಲ್ಲ. “ಪಂಚೆ ಉಟ್ಟುಕೊಂಡು ಚಾ ಕುಡಿಯುತ್ತ ಕುಳಿತರೆ ಕಳ್ಳ ಸಿಗುತ್ತಾನೆಯೆ ಮಾರಾಯಾ!” ಎಂಬುದು ಅವರ ಆಕ್ಷೇಪ.

ಪಂಚೆಯುಟ್ಟು ಚಾ ಕುಡಿಯುವ ಈ ಮನುಷ್ಯನನ್ನು ಶರದಿಂದು ಬಂದ್ಯೋಪಾಧ್ಯಾಯರು (1899–1970) ಸೃಷ್ಟಿಸಿದುದು 1932ರಲ್ಲಿ. ತೆರೆಗೆ ತಂದವರು ಬಾಸು ಚಟರ್ಜಿ. ರಜಿತ್ ಕಪೂರ್ ಬ್ಯೋಮಕೇಶನಾಗಿಯೂ, ಕೆ. ಕೆ. ರೈನಾ ಅವನ ಗೆಳೆಯ ಅಜಿತನಾಗಿಯೂ ಅಭಿನಯಿಸಿದರು. ಕಥಾನಾಯಕನಿಗೆ ‘ಪತ್ತೇದಾರ’ನೆಂಬ ಹೆಸರೇ ಸೇರದು. ತಾನು ‘ಸತ್ಯಾನ್ವೇಷಿ’ ಎಂದು ಹೇಳಿಕೊಳ್ಳುತ್ತಾನೆ. ಅಂದು ಇದೊಂದು ಠೀವಿಯ ಮಾತೆಂದು ತೋರಿತ್ತು. ಅಪರಾಧಿಯನ್ನು ಹಿಡಿಯುವುದಕ್ಕೂ ಸತ್ಯವನ್ನು ಹುಡುಕುವುದಕ್ಕೂ ಇರುವ ಅಂತರವು ಬಾಲಕರಿಗೆ ಹೇಗೆ ಹೊಳೆಯಬೇಕು?

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತಷ್ಟೆ. ದೇವಸ್ಥಾನಕ್ಕೆ ಭಕ್ತರು ಬರುವಂತಿಲ್ಲ. ಸರ್ಪಸಂಸ್ಕಾರಕ್ಕೆಂದು ದೂರದೂರುಗಳಿಂದ ಬರುವವರಿಲ್ಲದೆ ರಥಬೀದಿ ಬರಿದಾಯಿತು. ಆ ದಿನಗಳಲ್ಲಿ ದೂರದರ್ಶನವು ರಾಮಾಯಣದೊಡನೆ ಬ್ಯೋಮಕೇಶನನ್ನೂ ಮರಳಿ ಕರೆತಂದಿತು. ಬೆಂಗಳೂರಿನಿಂದ ಬಂದು ಊರಲ್ಲೇ ಸಿಕ್ಕಿಕೊಂಡ ಅಣ್ಣತಮ್ಮಂದಿರು, ಅವರ ಮಕ್ಕಳು, ಎಲ್ಲರೂ ಹಳೆಯ ಚಾವಡಿಯಲ್ಲಿ ಜೊತೆಯಾಗಿ ಕುಳಿತು ನೋಡಿದೆವು. ದೊಡ್ಡಪ್ಪ ಮಾತ್ರ ಇರಲಿಲ್ಲ.

‘ರಾಸ್ತೇ ಕಾ ಕಾಂಟಾ’ ಎಂಬ ಕಥೆಯನ್ನು ನೋಡಿದವರು ಮರೆತಿರಲಾರರು. ಕಲ್ಕತ್ತೆಯ ಬೀದಿಯಲ್ಲಿ ನಡೆಯುತ್ತಿದ್ದ ಸಿರಿವಂತರು ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಾರೆ. ಎದೆಯಲ್ಲಿ ಗ್ರಾಮಫೋನಿನ ಮುಳ್ಳು. ಸೈಕಲ್ಲಿನ ಗಂಟೆಯೊಳಗೆ ಅಡಗಿಸಿದ ಯಂತ್ರದಿಂದ ಅದನ್ನು ಹಾರಿಸಲಾಗುತ್ತಿತ್ತೆಂಬುದು ಬಯಲಾದಾಗ ಅಂದು ನಮಗಾದ ರೋಮಾಂಚ ಅಷ್ಟಿಷ್ಟಲ್ಲ. ಶಾಲೆಯ ಹುಡುಗರು ವಾರಗಟ್ಟಲೆ ಸೈಕಲ್ ಗಂಟೆಯನ್ನು ಸಂಶಯದಿಂದ ನೋಡುತ್ತಿದ್ದರು. ಈಗ ನೋಡಿದಾಗ ಗಂಟೆಗಿಂತಲೂ ವೃತ್ತಪತ್ರಿಕೆಯ ಜಾಹೀರಾತೇ ಹೆಚ್ಚು ಭಯ ಹುಟ್ಟಿಸಿತು. ದಾರಿಯ ಮುಳ್ಳನ್ನು ತೆಗೆಸಬೇಕೆನ್ನುವವರು ಇಂತಹ ದಿನ ಇಂತಹ ದೀಪದ ಕಂಬದ ಬಳಿ ಬಂದು ನಿಲ್ಲಲಿ ಎಂಬ ನಾಲ್ಕು ಸಾಲು. ನಿಲ್ಲುವವರಿದ್ದರೆಂಬುದೇ ಕಥೆಯ ತಿರುಳು. ಮಡಿದವರು ಹಣವಂತರು, ಅವರ ಸಾವಿಗಾಗಿ ಕಾಯುತ್ತಿದ್ದವರು ಅವರದೇ ಮನೆಯವರು. ಹಂತಕನು ಸಿಕ್ಕಿಬಿದ್ದನು, ಸರಿ. ಕೂಲಿ ಕೊಟ್ಟವರಲ್ಲಿ ಬಹುಮಂದಿಯ ಬಾಗಿಲನ್ನು ಕಥೆ ತಟ್ಟುವುದೇ ಇಲ್ಲ.

‘ಮಕಡೀ ಕಾ ರಸ್’ ಇನ್ನೊಂದು ಬಗೆ. ಹಾಸಿಗೆ ಹಿಡಿದ ಮುದುಕನೊಬ್ಬನಿಗೆ ಜೇಡನ ವಿಷದ ಚಟ. ಮನೆಯವರು ಹಗಲಿರುಳೂ ಕಾವಲು ಕಾಯುತ್ತಾರೆ. ವಿಷ ಮಾತ್ರ ಅವನಿಗೆ ತಲುಪುತ್ತಲೇ ಇರುತ್ತದೆ. ಅದಿದ್ದುದು ಎಲ್ಲರ ಕಣ್ಣೆದುರಿನ ಕೆಂಪು ಶಾಯಿಯಲ್ಲಿ! ಬರೆಯುತ್ತ ಬರೆಯುತ್ತ ಲೇಖನಿಯ ತುದಿಯನ್ನು ನೆಕ್ಕುತ್ತಿದ್ದನು. ಕುಡಿತಕ್ಕೆ ಬಿದ್ದ ಹಿರಿಯರಿರುವ ಮನೆಯ ಹೆಂಗಸರಿಗೆ ಈ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಕರಾವಳಿಯವರಾದ ನಮಗೆ ಭಯವೆಂದರೆ ಹೊರಗಿನದು, ಕತ್ತಲೆಯದು, ಗುಡ್ಡದ ಮೇಲಿನದು. ಅದೇ ಕಾಲದ ಇನ್ನೊಂದು ಜನಪ್ರಿಯ ಧಾರಾವಾಹಿ, ಮೂಲ್ಕಿಯ ಸದಾನಂದ ಸುವರ್ಣರು ನಿರ್ದೇಶಿಸಿದ, ಪ್ರಕಾಶ್ ರೈ ಅಭಿನಯಿಸಿದ ‘ಗುಡ್ಡದ ಭೂತ’ದ ಹೆಸರಿನಲ್ಲೇ ಈ ಭಯವಿದೆ. ಅದರ ತುಳು ಶೀರ್ಷಿಕೆಗೀತೆ ಮೊದಲಾಯಿತೆಂದರೆ ಮಕ್ಕಳು ತಾಯಿಯ ಸೆರಗು ಹಿಡಿಯುತ್ತಿದ್ದರು. ಘಟ್ಟದ ಮೇಲಿನವರಿಗೆ ಭೂತವೆಂದರೆ ದೆವ್ವ. ತುಳುನಾಡಿನಲ್ಲಿ ಅದು ನ್ಯಾಯ ಹೇಳುವ ದೈವವೂ ಹೌದು. ಬ್ಯೋಮಕೇಶನ ಕಥೆಗಳಲ್ಲಿ ಗುಡ್ಡದ ಕಡೆಗೆ ನೋಡಿ ಫಲವಿಲ್ಲ. ನೋಡಬೇಕಾದುದು ಊಟದ ಪಂಕ್ತಿಯನ್ನು, ಉಯಿಲನ್ನು, ಬೀಗದ ಕೈಗೊಂಚಲು ಯಾರ ಸೊಂಟದಲ್ಲಿದೆಯೆಂಬುದನ್ನು.

‘ವಸೀಯತ್’ ಎಂಬ ಕಥೆ ಇದಕ್ಕೆ ನಿದರ್ಶನ. ಬಂಗಾಳಿಯಲ್ಲಿ ಇದರ ಹೆಸರು ‘ಅರ್ಥಮನರ್ಥಂ’. ಕರಾಲೀಬಾಬು ಎಂಬ ಧನಿಕನಿಗೆ ಉಯಿಲು ಬದಲಿಸುವುದೇ ವಿನೋದ. ಆಶ್ರಿತರಾದ ಬಂಧುಗಳಲ್ಲಿ ಇಂದು ಒಬ್ಬನು ವಾರಸುದಾರ, ನಾಳೆ ಇನ್ನೊಬ್ಬನು. ಒಂದು ಬೆಳಿಗ್ಗೆ ನೋಡಿದರೆ ಕತ್ತಿನ ಹಿಂಭಾಗದಲ್ಲಿ ಸೂಜಿ ನಾಟಿ ಹಾಸಿಗೆಯಲ್ಲೇ ಶವವಾಗಿದ್ದಾನೆ. ಸಂಶಯ ಸುಕುಮಾರನ ಮೇಲೆ. ಅಣ್ಣನು ನಿರಪರಾಧಿಯೆಂದು ಬ್ಯೋಮಕೇಶನಲ್ಲಿ ಮೊರೆಯಿಡುವವಳು ಸತ್ಯವತಿ, ಮುಂದೆ ಅವನ ಕೈಹಿಡಿಯುವವಳು. ನಿಜವಾದ ಕೊಲೆಗಾರನು ಕುಂಟನೆಂದು ಎಲ್ಲರೂ ಕನಿಕರಪಡುತ್ತಿದ್ದ ಫಣಿ. ಅಂದು ಫಣಿಯ ಮೇಲೆ ಕ್ರೋಧವುಂಟಾಗಿತ್ತು. ಈ ಸಲ ಮೃತನ ಮೇಲೆಯೇ ಸಿಟ್ಟು ಬಂದಿತು. ಮನೆಯ ಮಕ್ಕಳನ್ನು ಒಬ್ಬರಿಗೊಬ್ಬರು ಶತ್ರುಗಳನ್ನಾಗಿ ಮಾಡಿ, ಅದನ್ನು ನೋಡಿ ನಲಿದ ಮುದುಕನಿಗೆ ಯಾವ ನ್ಯಾಯಾಲಯ ಶಿಕ್ಷೆ ವಿಧಿಸೀತು?

ಆ ಕಂತು ನಡೆಯುತ್ತಿದ್ದಾಗ ನಮ್ಮ ಚಾವಡಿಯಲ್ಲಿ ಯಾರೂ ಮಾತನಾಡಲಿಲ್ಲ. ಕಾರಣವಿದ್ದಿತು. ದೊಡ್ಡಪ್ಪನವರ ಕಾಲದಲ್ಲಿ ಅಡಿಕೆ ತೋಟ ಪಾಲಾದಾಗ ತೋಡಿನ ಬದಿಯ ಗಡಿಕಲ್ಲೊಂದು ರಾತ್ರೋರಾತ್ರಿ ನಾಲ್ಕು ಮಾರು ಸರಿದಿತ್ತು. ಸರಿಸಿದವರಾರೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಬಾಯಿಬಿಟ್ಟವರಿಲ್ಲ. ಹಬ್ಬಹರಿದಿನಗಳು ನಡೆದುವು, ಮದುವೆಗಳಾದುವು. ಕಲ್ಲು ಅಲ್ಲೇ ನಿಂತಿತು. ದೊಡ್ಡಪ್ಪನವರು ತೀರಿಕೊಳ್ಳುವವರೆಗೂ ಆ ತೋಡಿನ ಕಡೆಗೆ ತಿರುಗಾಡಲು ಹೋಗುತ್ತಿರಲಿಲ್ಲ. ಇಲ್ಲಿ ಪತ್ತೆ ಹಚ್ಚಬೇಕಾದುದು ಏನೂ ಇರಲಿಲ್ಲ. ಗೊತ್ತಿದ್ದುದನ್ನು ಹೇಳಿದರೆ ಮನೆ ಉಳಿಯುವುದೇ ಎಂಬುದೇ ಪ್ರಶ್ನೆ.

ಸತ್ಯಾನ್ವೇಷಿಗೆ ಈ ಬಿಕ್ಕಟ್ಟಿಲ್ಲ. ಅವನು ಹೊರಗಿನವನು, ಸತ್ಯವನ್ನು ನುಡಿದು, ಛತ್ರಿ ತೆಗೆದುಕೊಂಡು, ಅಜಿತನೊಡನೆ ತನ್ನ ಮನೆಗೆ ಹೊರಟುಬಿಡಬಲ್ಲನು. ಉಳಿದವರು ಮರುದಿನವೂ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಬಾಸು ಚಟರ್ಜಿಯವರು ಅವರ ಮುಖಗಳ ಮೇಲೆ ಕ್ಯಾಮರಾವನ್ನು ಒಂದು ಕ್ಷಣ ಹೆಚ್ಚಾಗಿಯೇ ನಿಲ್ಲಿಸುತ್ತಾರೆಂದು ನನಗೆ ತೋರುತ್ತದೆ. ಅರಮನೆಯಂತಹ ಸೆಟ್ಟುಗಳಿಲ್ಲ, ಗುಂಡಿನ ಕಾಳಗವಿಲ್ಲ. ಇಂದಿನ ಧಾರಾವಾಹಿಗಳ ಸಿಡಿಲು ಮಿಂಚಿನ ಸದ್ದಿಗೆ ಒಗ್ಗಿದ ಮಕ್ಕಳಿಗೆ ಮೊದಲೆರಡು ದಿನ ಬೇಸರವಾದುದು ಸಹಜ. ಮೂರನೆಯ ದಿನದಿಂದ ಅವರೇ ಮೊದಲು ಬಂದು ಕುಳಿತರು.

ಬಾಸು ಚಟರ್ಜಿಯವರು ಅದೇ 2020ರ ಜೂನ್ 4ರಂದು ತೀರಿಕೊಂಡರು. ಸುದ್ದಿ ಬಂದ ದಿನ ತಮ್ಮನ ಮಗಳು ಒಂದು ಪ್ರಶ್ನೆ ಕೇಳಿದಳು: “ಅಜಿತ ಇದನ್ನೆಲ್ಲ ಬರೆದು ಅಚ್ಚು ಹಾಕಿಸುತ್ತಾನಲ್ಲ, ಆ ಮನೆಯವರು ಓದಿದರೆ ಏನು ಮಾಡುತ್ತಾರೆ?” ಅವಳ ಅಪ್ಪ ಉತ್ತರ ಕೊಡದೆ, ಕೊಡೆ ಬಿಡಿಸಿಕೊಂಡು ತೋಟದ ಕಡೆಗೆ ಇಳಿದು ಹೋದನು.